ನಮ್ಮ ಕಾಲುಗಳ ಮಾತು



ಪ್ರಭು ಯೇಸು ಶಿಷ್ಯರ ಪಾದ ತೊಳೆದದ್ದನ್ನು ಪವಿತ್ರ ಗುರುವಾರ ನೆನೆಯುವ ನಾವು ನಮ್ಮ ಪಾದಗಳನ್ನೇ ಮರೆಯುತ್ತೇವೆ. ಸೊಲ್ಲಾಪುರದ ಬೇಸಿಗೆಯಲ್ಲಿ ದಿನವಿಡೀ ಮಗ್ಗದ ಮುಂದೆ ನಿಂತರೆ ಕಾಲು ಊದುತ್ತದೆ. ಸೆಕೆಗೆ ರಕ್ತನಾಳ ಹಿಗ್ಗುತ್ತವೆ. ಮೀನಖಂಡ ಆಡದಿದ್ದರೆ ರಕ್ತ ಸರಿಯಾಗಿ ಮೇಲೇರದು, ನೀರು ಪಾದದಲ್ಲಿ ನಿಲ್ಲುತ್ತದೆ. ಆದ್ದರಿಂದ ನಿಂತಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸೋಣ. ಮನೆಯಲ್ಲಿ ಕಾಲನ್ನು ಎದೆಗಿಂತ ಎತ್ತರಕ್ಕೆ ದಿಂಬಿನ ಮೇಲಿಟ್ಟು ಮಲಗೋಣ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡೋಣ. ಒಂದೇ ಕಾಲು ಊದಿ ನೋವಾದರೆ, ಉಸಿರು ಕಟ್ಟಿದರೆ, ಮುಖವೂ ಊದಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗೋಣ.

ನಿಂತು ದುಡಿಯುವವರಿಗೆ ಕುಳಿತುಕೊಳ್ಳುವ ಸೌಕರ್ಯ ಕೊಡಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮು ಹೇಳಿತ್ತು; 2020ರ ಸಂಹಿತೆಯಲ್ಲೂ ಅದಿದೆ. ಬಾಕು ಕೇಳುವುದು ಭಿಕ್ಷೆಯಲ್ಲ. ಒಬ್ಬರೇ ಕೇಳಿದರೆ ಗದರಿಸುತ್ತಾರೆ, ಒಟ್ಟಾಗಿ ಕೇಳೋಣ. ಅದೂ ಒಬ್ಬರ ಪಾದವನ್ನು ಒಬ್ಬರು ತೊಳೆದಂತೆಯೇ.