ಹಿಂದೆ ಉಳಿದವರಿಗಾಗಿ ಹಿಂದಿರುಗಿದ ದಾರಿ

(ಜುಲೈ 25, ಪ್ರೇಷಿತ ಸಂತ ಯಕೋಬರ ಹಬ್ಬದಂದು ನೀಡಿದ ಪ್ರಬೋಧನೆ)



ಇಂದಿನ ಶುಭಸಂದೇಶದಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳೊಡನೆ ಪ್ರಭು ಯೇಸುವಿನ ಬಳಿಗೆ ಬರುತ್ತಾಳೆ. ಪ್ರಭುವಿನ ರಾಜ್ಯದಲ್ಲಿ ಒಬ್ಬ ಮಗ ಬಲಗಡೆ, ಇನ್ನೊಬ್ಬ ಎಡಗಡೆ ಕುಳಿತುಕೊಳ್ಳಬೇಕೆಂಬುದು ಅವಳ ಬೇಡಿಕೆ. ಮಕ್ಕಳು ಮುಂದೆ ಬರಲಿ ಎಂದು ಆಸೆಪಡದ ತಾಯಿ ಯಾರಿದ್ದಾರೆ? ಆದರೆ ಪ್ರಭು ಆ ಮಕ್ಕಳನ್ನೇ ನೋಡಿ, ತಾವು ಕುಡಿಯಲಿರುವ ಪಾತ್ರೆಯಿಂದ ಅವರೂ ಕುಡಿಯಬಲ್ಲರೇ ಎಂದು ಕೇಳುತ್ತಾರೆ. ಯಕೋಬ, ಯೊವಾನ್ನ ಇಬ್ಬರೂ ಹಿಂದುಮುಂದು ನೋಡದೆ ಒಪ್ಪಿಕೊಂಡುಬಿಡುತ್ತಾರೆ. ಮುಂದೊಂದು ದಿನ ಯಕೋಬರು ಹೆರೋದ ಅರಸನ ಕತ್ತಿಗೆ ಕೊರಳೊಡ್ಡಬೇಕಾಯಿತು. ಆ ಪಾತ್ರೆಯಲ್ಲಿ ಇದೂ ಇದೆಯೆಂದು ಅವರಿಗೆ ಅಂದು ಗೊತ್ತಿರಲಿಲ್ಲ.

ನಮಗೂ ಗೊತ್ತಿರಲಿಲ್ಲ. ಬಲಿಪೂಜೆಯಲ್ಲಿ ಪ್ರತಿದಿನ ಪಾನಪಾತ್ರೆಯನ್ನು ಎತ್ತಿಹಿಡಿಯುವ ನಮಗೆ ಅದು ಅರ್ಥವಾದದ್ದು ಇದೇ ಸಂತ ಯಕೋಬರ ದಾರಿಯಲ್ಲಿ, ಅಕ್ಟೋಬರ್ ತಿಂಗಳ ಒಂದು ದಿನ.

ಸ್ಪೇನ್ ದೇಶದ ವಾಯವ್ಯದಲ್ಲಿರುವ ಸಾಂತಿಯಾಗೊ ದೆ ಕೊಂಪೊಸ್ತೆಲ ನಗರದ ಮಹಾದೇವಾಲಯದಲ್ಲಿ ಸಂತ ಯಕೋಬರ ಸಮಾಧಿ ಇದೆಯೆಂಬುದು ಪರಂಪರೆಯ ನಂಬಿಕೆ. ಅಲ್ಲಿಗೆ ಹೋಗುವ ಕಾಲ್ದಾರಿಗಳಲ್ಲಿ ಪ್ರಸಿದ್ಧವಾದುದು ಫ್ರಾನ್ಸಿನ ಗಡಿಯಿಂದ ಹೊರಡುವ ಸುಮಾರು 780 ಕಿ.ಮೀ. ಉದ್ದದ ದಾರಿ. ನಮ್ಮೂರುಗಳಿಂದ ವೇಳಾಂಗಣಿಗೆ ಕಾಲ್ನಡಿಗೆಯಲ್ಲಿ ಹೋಗುವವರಿದ್ದಾರಲ್ಲ, ಹಾಗೆಯೇ ಅಲ್ಲಿ ಲೋಕದ ಎಲ್ಲ ಕಡೆಯ ಜನ ಬೆನ್ನಿಗೆ ಚೀಲ ಹೊತ್ತು ನಡೆಯುತ್ತಾರೆ. 2024ರಲ್ಲಿ ಎಲ್ಲ ದಾರಿಗಳಿಂದ ಸಾಂತಿಯಾಗೊ ತಲುಪಿ ಹೆಸರು ಬರೆಸಿದವರು ಸುಮಾರು 5 ಲಕ್ಷ.

ನಾವು ನಾಲ್ವರು ಗೆಳೆಯರು. ಒಂದೇ ಗುರುಮಠದಲ್ಲಿ ಓದಿ, ಒಂದೇ ವರ್ಷ ಗುರುದೀಕ್ಷೆ ಪಡೆದವರು. ಲಿಯೋನ್ ನಗರದಿಂದ ಹೊರಟ ನಮಗೆ ಅಂದು ಆರನೆಯ ದಿನ. ಎರಡು ದಿನಗಳ ಹಿಂದೆ ಬೆಟ್ಟದಿಂದ ಇಳಿಯುವಾಗ ಒಬ್ಬರ ಮಂಡಿ ನೋಯಲು ಶುರುವಾಗಿ, ಈಗ ಊದಿಕೊಂಡಿತ್ತು. ನಾವು ತಂಗಿದ್ದ ಊರು ವಿಲ್ಯಫ್ರಾಂಕ ದೆಲ್ ಬಿಯೆರ್ಸೊ. ಅಲ್ಲಿನ ಸಂತ ಯಕೋಬರ ದೇವಾಲಯಕ್ಕೆ 'ಕ್ಷಮೆಯ ಬಾಗಿಲು' ಎಂಬ ಬಾಗಿಲಿದೆ. ಹಿಂದಿನ ಕಾಲದಲ್ಲಿ ಕಾಯಿಲೆ ಬಿದ್ದು ಮುಂದೆ ನಡೆಯಲಾರದ ಯಾತ್ರಿಕರು ಆ ಬಾಗಿಲವರೆಗೆ ಬಂದರೆ ಸಾಕು, ಸಾಂತಿಯಾಗೊ ತಲುಪಿದವರಿಗೆ ಸಿಗುವ ಕ್ಷಮಾದಾನವೇ ಅವರಿಗೂ ಸಿಗುತ್ತಿತ್ತು. ನಡೆಯಲಾರದವರನ್ನೂ ತಲುಪಿದವರ ಲೆಕ್ಕಕ್ಕೆ ಸೇರಿಸಿದ ಧರ್ಮಸಭೆಯ ತಾಯಿಹೃದಯ ಎಷ್ಟು ದೊಡ್ಡದು!

ಆ ಬಾಗಿಲ ಮುಂದೆಯೇ ನಿಂತು ನಾವು ಅವಸರ ಮಾಡಿದೆವು. ಅಂದು ನಾವು ತಲುಪಬೇಕಾಗಿದ್ದುದು 28 ಕಿ.ಮೀ. ಆಚೆ, ಸುಮಾರು 1,300 ಮೀಟರ್ ಎತ್ತರದ ಓ ಸೆಬ್ರೆಯ್ರೊ ಎಂಬ ಹಳ್ಳಿ. ಅಲ್ಲಿನ ಯಾತ್ರಿಕರ ತಂಗುದಾಣದಲ್ಲಿ ಮೊದಲು ಬಂದವರಿಗೆ ಮೊದಲು ಹಾಸಿಗೆ. ಸಂಜೆಯ ಬಲಿಪೂಜೆಯಲ್ಲೂ ಭಾಗವಹಿಸಬೇಕೆಂಬುದು ನಮ್ಮ ದೊಡ್ಡ ಆಸೆ. ನೋವಿದ್ದ ಗೆಳೆಯರು, "ನೀವು ಮುಂದೆ ಹೋಗ್ರಪ್ಪ, ನಾನು ನಿಧಾನವಾಗಿ ಬರ್ತೀನಿ" ಎಂದರು. ನಾವು ಎರಡನೆಯ ಸಲ ಕೇಳಲಿಲ್ಲ. ಅವರ ಭಾರ ಕಡಿಮೆಯಾಗಲಿ ಎಂದು ಅವರ ಬಟ್ಟೆಯ ಕೈಚೀಲವೊಂದನ್ನು ನಮ್ಮ ಚೀಲಕ್ಕೆ ಹಾಕಿಕೊಂಡು, ದೊಡ್ಡ ಉಪಕಾರ ಮಾಡಿದವರಂತೆ ಹೊರಟೆವು.

ವಲ್ಕಾರ್ಸೆ ನದಿಯ ಕಣಿವೆ ಅದು. ಬೆಳಿಗ್ಗೆ ಎಂಟಾದರೂ ಕತ್ತಲೆ ಬಿಟ್ಟಿರಲಿಲ್ಲ. ಬೆಳಕಾದ ಮೇಲೆ ಎರಡೂ ಬದಿಯ ಚೆಸ್ಟ್‌ನಟ್ ಮರಗಳು ಹಳದಿ, ಕಂದು ಬಣ್ಣಕ್ಕೆ ತಿರುಗಿ ನಿಂತಿದ್ದವು. ಮುಳ್ಳಿನ ಕಾಯಿಗಳು ಒಡೆದು ಬೀಜಗಳು ದಾರಿಯ ತುಂಬ ಬಿದ್ದಿದ್ದವು. ಸುಟ್ಟು ತಿಂದರೆ ನಮ್ಮ ಹಲಸಿನ ಬೀಜದ ನೆನಪಾಗುತ್ತದೆ. ನಾವು ಅವನ್ನು ತುಳಿದುಕೊಂಡೇ ನಡೆದೆವು, ಬಗ್ಗಿ ಆರಿಸಲು ಪುರುಸೊತ್ತಿರಲಿಲ್ಲ.

ಮಧ್ಯಾಹ್ನ ಲಾಸ್ ಎರ್ರೆರಿಯಾಸ್ ಎಂಬ ಹಳ್ಳಿಯಲ್ಲಿ ಬುತ್ತಿ ಬಿಚ್ಚಿದೆವು. ಕಡಿದಾದ ಏರು ಶುರುವಾಗುವುದು ಅಲ್ಲಿಂದಲೇ. ಬ್ರೆಡ್ಡಿಗಾಗಿ ಕೈಹಾಕಿದಾಗ ಆ ಬಟ್ಟೆಯ ಚೀಲ ಸಿಕ್ಕಿತು. ತೆರೆದು ನೋಡಿದರೆ ಗೆಳೆಯರ ನೋವಿನ ಮಾತ್ರೆಗಳು, ಮಂಡಿಗೆ ಕಟ್ಟುವ ಪಟ್ಟಿ, ಮಧ್ಯಾಹ್ನದ ಊಟ! ಭಾರ ಇಳಿಸಿದೆವೆಂದುಕೊಂಡ ನಾವು ಅವರ ಔಷಧಿಯನ್ನೂ ಅನ್ನವನ್ನೂ ಹೊತ್ತು ತಂದಿದ್ದೆವು. ಬಾಯಿಗಿಟ್ಟ ತುತ್ತು ಇಳಿಯಲಿಲ್ಲ.

ಒಬ್ಬರನ್ನು ಚೀಲಗಳ ಬಳಿ ಬಿಟ್ಟು ನಾವಿಬ್ಬರು ಹಿಂದಿರುಗಿದೆವು. ಆ ದಾರಿಯುದ್ದಕ್ಕೂ ಹಳದಿ ಬಾಣದ ಗುರುತುಗಳಿವೆ. ಅವನ್ನು ಬರೆಯಲು ಆರಂಭಿಸಿದವರು ಒಬ್ಬ ಧರ್ಮಕೇಂದ್ರದ ಗುರು, ಓ ಸೆಬ್ರೆಯ್ರೊದ ಎಲಿಯಾಸ್ ವಲಿನ್ಯ. ದಾರಿಯನ್ನು ಜನ ಮರೆತಿದ್ದ ಕಾಲದಲ್ಲಿ, 1984ರಲ್ಲಿ, ಅವರು ಕಾರಿನಲ್ಲಿ ಹಳದಿ ಬಣ್ಣ ತುಂಬಿಕೊಂಡು ಹೊರಟು ಯಾತ್ರಿಕರಿಗೆ ದಾರಿ ತೋರಿದರು. ಆ ಬಾಣಗಳೆಲ್ಲ ಮುಂದಕ್ಕೇ ಕೈತೋರುತ್ತವೆ. ಎದುರಾದ ಯಾತ್ರಿಕರು, ಸಾಂತಿಯಾಗೊ ಆ ಕಡೆ ಇದೆ ಎಂದು ನಮ್ಮನ್ನು ತಿದ್ದಿದರು. ಆದರೆ ಅಂದು ಪ್ರಭು ಇದ್ದದ್ದು ಬಾಣದ ಹಿಂದೆ.

ನಾಲ್ಕು ಕಿ.ಮೀ. ಹಿಂದಕ್ಕೆ, ಚೆಸ್ಟ್‌ನಟ್ ಮರವೊಂದರ ಕೆಳಗೆ ಗೆಳೆಯರು ಕಾಲು ಚಾಚಿ ಕುಳಿತಿದ್ದರು. ಯಾರೋ ಗುರುತಿಲ್ಲದ ಅಜ್ಜಿಯೊಬ್ಬರು ತಮ್ಮ ಊರುಗೋಲನ್ನು ಅವರಿಗೆ ಕೊಟ್ಟು ಹೋಗಿದ್ದರು. ನಮ್ಮನ್ನು ಕಂಡು ಅವರು ಒಂದು ಮಾತೂ ಆಡಿಕೊಳ್ಳಲಿಲ್ಲ. ಕರವಸ್ತ್ರ ಬಿಚ್ಚಿ, "ತಗೊಳ್ರಪ್ಪ, ನಿಮಗೇ ಆರಿಸಿಟ್ಟಿದ್ದೆ" ಎಂದು ಬೀಜಗಳನ್ನು ಮುಂದೆ ಹಿಡಿದರು. ಬೈದಿದ್ದರೆ ಸಹಿಸಬಹುದಿತ್ತು. ಅದನ್ನು ಸಹಿಸಲು ನಮ್ಮಿಂದ ಆಗಲಿಲ್ಲ.

ಅವರ ಚೀಲದ ಸಾಮಾನನ್ನು ಮೂವರೂ ಹಂಚಿಕೊಂಡು, ಅವರ ಹೆಜ್ಜೆಗೆ ಹೆಜ್ಜೆ ಹಾಕಿ ಏರಿದೆವು. ತುದಿ ಮುಟ್ಟಿದಾಗ ಮಂಜು ಕವಿದು ಕತ್ತಲಾಗಿತ್ತು. ಬಲಿಪೂಜೆ ಮುಗಿದಿತ್ತು, ತಂಗುದಾಣ ತುಂಬಿತ್ತು. ಹೆಚ್ಚು ಹಣ ಕೊಟ್ಟು ಬೇರೆ ಕಡೆ ಮಲಗಿದೆವು.

ಮರುದಿನ ಬೆಳಿಗ್ಗೆ ಅಲ್ಲಿನ ಪುರಾತನ ದೇವಾಲಯದಲ್ಲಿ ಒಂದು ಪಾನಪಾತ್ರೆಯನ್ನು ದರ್ಶಿಸಿದೆವು. ಅದರ ಕಥೆಯನ್ನು ಅಲ್ಲಿನವರು ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ. ಸುಮಾರು 1300ರ ವೇಳೆಗೆ, ಭಾರಿ ಹಿಮಪಾತದ ದಿನ, ರೈತನೊಬ್ಬ ಬೆಟ್ಟ ಹತ್ತಿ ಬಲಿಪೂಜೆಗೆ ಬಂದ. ಪೂಜೆ ಅರ್ಪಿಸುತ್ತಿದ್ದ ಗುರುವಿಗೆ ಅವನ ಮೇಲೆ ತಾತ್ಸಾರ. ಚೂರು ರೊಟ್ಟಿಗೂ ಗುಟುಕು ದ್ರಾಕ್ಷಾರಸಕ್ಕೂ ಇಷ್ಟು ದೂರ ಬರಬೇಕೇ ಎಂದುಕೊಂಡ. ಆ ಕ್ಷಣದಲ್ಲೇ ರೊಟ್ಟಿ ಮಾಂಸವಾಯಿತು, ಪಾತ್ರೆಯಲ್ಲಿದ್ದುದು ರಕ್ತವಾಯಿತು.

ನಾವು ಮೂವರು ಮೊಣಕಾಲೂರಿದೆವು. ಮಂಡಿ ಮಡಚಲಾರದ ಗೆಳೆಯರು ಕೋಲು ಹಿಡಿದು ನಿಂತೇ ಇದ್ದರು. ಕಥೆಯ ಆ ಗುರು ಯಾರು, ಕುಂಟುತ್ತಾ ಬಂದ ರೈತ ಯಾರು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲೇ ಅವರ ಕೈಹಿಡಿದು ಕ್ಷಮೆ ಕೇಳಿದೆವು.

ಪ್ರಿಯರೇ, ಪ್ರಭುವಿನ ಪಾತ್ರೆ ಯಾವುದು? ಹಿಂದೆ ಉಳಿದವರ ನೋವೇ ಆ ಪಾತ್ರೆ. ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎಂದು ಪ್ರಭು ಕಲಿಸಿದ್ದು ಇದನ್ನೇ. ಇಂದು ಸಂಜೆ ತೇರಿನ ಮೆರವಣಿಗೆ ಇದೆ. ತೇರಿನ ಮುಂದೆ ನಡೆಯಲು ಎಲ್ಲರಿಗೂ ಆಸೆ. ಆದರೆ ಹಿಂದೆ ಯಾರು ಉಳಿದಿದ್ದಾರೆ? ಕಾಲು ಎಳೆದುಕೊಂಡು ಬರುವ ಅಜ್ಜಿ, ಕೆಲಸ ಕಳೆದುಕೊಂಡ ಮೇಲೆ ನಾಚಿಕೆಯಿಂದ ಪೂಜೆಗೆ ಬಾರದ ಮನೆಯವರು, ಆಸ್ತಿ ಜಗಳದಲ್ಲಿ ಮಾತು ಬಿಟ್ಟ ಒಡಹುಟ್ಟಿದವರು. ನಮ್ಮ ಚೀಲವನ್ನು ಒಮ್ಮೆ ಬಿಚ್ಚಿ ನೋಡೋಣ. ಅದರಲ್ಲಿ ಯಾರ ಔಷಧಿ ಇದೆ? ಒಂದು ಕ್ಷಮೆಯ ಮಾತೋ, ಒಂದು ಭೇಟಿಯೋ, ಹಿಂದಿರುಗಿಸಬೇಕಾದ ಹಣವೋ? ಅದನ್ನು ಹೊತ್ತುಕೊಂಡೇ ನಾವು ದೇವರ ಕಡೆಗೆ ಓಡುತ್ತಿಲ್ಲವೇ? ಮೆರವಣಿಗೆಗೆ ಇನ್ನೂ ಸಮಯವಿದೆ. ಹಿಂದಿರುಗಿ ಹೋಗಿ ಕೊಟ್ಟು ಬರೋಣ.

ಆ ಗೆಳೆಯರು ಉಳಿದ ದಾರಿಯನ್ನು ಬಸ್ಸಿನಲ್ಲಿ ಬಂದರು. ನಡೆದು ತಲುಪಿದವರಿಗೆ ಕೊಡುವ ಪ್ರಮಾಣಪತ್ರ ಅವರಿಗೆ ಸಿಗಲಿಲ್ಲ. ನಮ್ಮ ಮೂವರ ಬಳಿ ಅದು ಇದೆ. ಆದರೆ ನಮ್ಮ ನಾಲ್ವರಲ್ಲಿ ಮೊದಲು ತಲುಪಿದವರು ಯಾರೆಂದು ಕೇಳಿದರೆ, ಕ್ಷಮೆಯ ಬಾಗಿಲ ಬಳಿ ನಾವು ಬಿಟ್ಟು ಬಂದವರೇ ಎನ್ನುತ್ತೇವೆ.

ಸಂತ ಯಕೋಬರೇ, ಹಿಂದೆ ಉಳಿದವರ ಹೆಜ್ಜೆಗೆ ನಮ್ಮ ಹೆಜ್ಜೆ ಕೂಡುವಂತೆ ನಮಗಾಗಿ ಪ್ರಾರ್ಥಿಸಿರಿ. ಆಮೆನ್.