ಕಂಪವಾತ: ಕೈಯ ನಡುಕ ಮತ್ತು ಮರೆವು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಶಾಲಾ ಶಿಕ್ಷಕ. ಆದರೂ ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ನನಗೆ ಉರ್ದು ಕಲಿಸಿದ ಗುರುಗಳಿಗೆ ಕಂಪವಾತ, ಅಂದರೆ ಪಾರ್ಕಿನ್ಸನ್ ಕಾಯಿಲೆ. ಒಂದು ದಿನ ಅವರ ಮಗ ಕೇಳಿದರು: "ಮಾಸ್ಟರೇ, ಮೆದುಳಿಗೆ ಕರೆಂಟ್ ಕೊಡುವ ಆಪರೇಷನ್ ಇದೆಯಂತೆ. ಮಾಡಿಸಿದರೆ ಅಬ್ಬಾ ಅವರ ಮರೆವೂ ಹೋಗುತ್ತದೆಯೇ?" ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದರು. ಇದರಿಂದ ಬುದ್ಧಿಶಕ್ತಿಗೆ ಧಕ್ಕೆಯಿಲ್ಲವೆಂದು ಅವರು ಬರೆದರು. ಅದು ಪೂರ್ತಿ ಸರಿಯಲ್ಲವೆಂದು ಇಂದು ತಿಳಿದಿದೆ. ಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ನಶಿಸಿದಾಗ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ಕಾಲಕ್ರಮೇಣ ಹಲವರಲ್ಲಿ ಗಮನ, ಯೋಚನೆ, ನೆನಪು ಕೂಡ ಕುಂದುತ್ತವೆ.

ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಡಾ. ಅಲಿಮ್ ಲೂಯಿ ಬೆನಾಬಿದ್ ಮತ್ತು ಸಂಗಡಿಗರು 1987ರಲ್ಲಿ ಈ ವಿದ್ಯುತ್ ಚಿಕಿತ್ಸೆಗೆ ದಾರಿ ತೋರಿದರು. ತೆಳುವಾದ ತಂತಿಗಳನ್ನು ಮೆದುಳಿನ ಆಳದಲ್ಲಿಟ್ಟು, ಎದೆಯ ಚರ್ಮದಡಿ ಕೂರಿಸಿದ ಬ್ಯಾಟರಿಯಿಂದ ಅಲ್ಪ ವಿದ್ಯುತ್ ಹರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಚಿಕಿತ್ಸೆ ಇದೆ. ತಕ್ಕ ರೋಗಿಗಳಲ್ಲಿ ನಡುಕ, ಬಿಗಿತ ಚೆನ್ನಾಗಿ ತಗ್ಗುತ್ತವೆ.

ಆದರೆ ಮರೆವು ಇದರಿಂದ ಹೋಗುವುದಿಲ್ಲ. ಬೈತ್‌ಬಾಜಿಯಲ್ಲಿ ಒಂದು ಅಕ್ಷರ ಸಿಕ್ಕೊಡನೆ ಅದರಿಂದ ಶುರುವಾಗುವ ಶೇರ್ ನೆನಪಿಗೆ ಬರಬೇಕಲ್ಲವೇ? ವೈದ್ಯರೂ ಒಂದು ಅಕ್ಷರ ಕೊಟ್ಟು, ರೋಗಿ ನಿಮಿಷದಲ್ಲಿ ಎಷ್ಟು ಪದ ಹೇಳುತ್ತಾರೆಂದು ಎಣಿಸುತ್ತಾರೆ. ಆಪರೇಷನ್ ಆದ ಮೇಲೆ ಕೆಲವರಲ್ಲಿ ಈ ಶಕ್ತಿ ತುಸು ತಗ್ಗುವುದು ಕಂಡುಬಂದಿದೆ. ಅದಕ್ಕೇ ಮೊದಲು ನೆನಪು, ಯೋಚನೆಗಳನ್ನು ಪರೀಕ್ಷಿಸುತ್ತಾರೆ. ಮರೆವು ಬಹಳ ಬೆಳೆದಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಡವೆನ್ನುತ್ತಾರೆ.

ನೆನಪಿಗೆ ಸಂಬಂಧಪಟ್ಟ ಬೇರೊಂದು ಭಾಗಕ್ಕೇ ವಿದ್ಯುತ್ ಕೊಟ್ಟು ಲಂಡನ್ನಿನ ವೈದ್ಯರು 6 ರೋಗಿಗಳಲ್ಲಿ ಪ್ರಯತ್ನಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನೆನಪು ಸುಧಾರಿಸಿದ್ದು ಕಾಣಲಿಲ್ಲ. ಈ ಕಾಯಿಲೆಯ ಮರೆವಿಗೆ ರಿವಾಸ್ಟಿಗ್ಮಿನ್ ಎಂಬ ಔಷಧಿಯನ್ನು ಅಮೆರಿಕ 2006ರಲ್ಲಿ ಒಪ್ಪಿತು. ಅದರಿಂದ ಕೆಲವರಿಗೆ ಸ್ವಲ್ಪ ಅನುಕೂಲವಾಗುತ್ತದೆ, ಆದರೆ ಕಾಯಿಲೆ ನಿಲ್ಲುವುದಿಲ್ಲ.

ಗುರುಗಳ ಮಗನಿಗೆ ನಾನು ಹೇಳಿದ್ದು ಇಷ್ಟೇ: "ನಡುಕ ಕಡಿಮೆಯಾದೀತು, ವೈದ್ಯರನ್ನು ಕೇಳಿ. ಮರೆವಿನ ವಿಷಯವನ್ನು ಮಾತ್ರ ಅವರಿಂದ ಮುಚ್ಚಿಡಬೇಡಿ." ನಮ್ಮ ಮನೆಗಳಲ್ಲಿ ನಡುಕದ ಬಗ್ಗೆ ಹೇಳುತ್ತೇವೆ, ಮರೆವನ್ನು ವಯಸ್ಸಾಯಿತೆಂದು ಬಿಟ್ಟುಬಿಡುತ್ತೇವೆ, ಇಲ್ಲವೇ ನಾಚಿಕೆಯಿಂದ ಮರೆಮಾಡುತ್ತೇವೆ. ಅದು ಗೊತ್ತಿಲ್ಲದೆ ವೈದ್ಯರು ಸರಿಯಾದ ಸಲಹೆ ಹೇಗೆ ಕೊಡಬಲ್ಲರು?

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೂ ಇಂಥ ಹಿರಿಯರಿರಬಹುದು. ಪ್ರಶ್ನೆಗೆ ಉತ್ತರ ತಡವಾದರೆ ನಡುವೆ ಬಾಯಿ ಹಾಕಬೇಡಿ, ಕಾಯಿರಿ. ನಾನು ಪಾಠ ಒಪ್ಪಿಸುವಾಗ ತಡವರಿಸಿದರೆ ನಮ್ಮ ಗುರುಗಳೂ ಕಾಯುತ್ತಿದ್ದರು.