ನಮ್ಮ ಕುಲನಾಮಗಳು


ನಮ್ಮ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ತೆರೆದರೆ ಪಿಂಟೊ, ಲೋಬೊ, ಪಿರೇರಾ, ಡಿಸೋಜ ಎಂಬ ಹೆಸರುಗಳೇ ಸಾಲುಗಟ್ಟಿ ನಿಂತಿವೆ. ಪೋರ್ಚುಗೀಸ್ ಭಾಷೆಯಲ್ಲಿ ಪಿಂಟೊ ಎಂದರೆ ಕೋಳಿಮರಿ, ಲೋಬೊ ಎಂದರೆ ತೋಳ. ‘ಹಾಗಾದರೆ ನಾವು ಪರದೇಶೀಯರ ಸಂತತಿಯೇ?’ ಎಂದು ನಮ್ಮ ಯುವಜನರು ಕೇಳುವುದುಂಟು.

ಅಲ್ಲ. 16ನೆಯ ಶತಮಾನದಿಂದ ಗೋವೆಯಲ್ಲಿ ದೀಕ್ಷಾಸ್ನಾನ ಪಡೆದವರು ಗುರುಗಳ ಇಲ್ಲವೆ ಜ್ಞಾನತಂದೆಯರ ಕುಲನಾಮವನ್ನು ಧರಿಸಿದರು. ಅವರ ಸಂತತಿಯಲ್ಲಿ ಅನೇಕರು ಈ ಕರಾವಳಿಗೆ ಬಂದು ನೆಲೆಸಿದರು. ಆದ್ದರಿಂದ ಇಬ್ಬರು ಡಿಸೋಜರು ರಕ್ತಸಂಬಂಧಿಗಳೇ ಆಗಬೇಕೆಂದಿಲ್ಲ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು ಗೋವೆ, ಕುಮಟಾ, ಮಂಗಳೂರುಗಳ 110 ಕಥೋಲಿಕರ ವಂಶವಾಹಿಗಳನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಬಹುಪಾಲು ಜನರು ಗೌಡ ಸಾರಸ್ವತರ ಪ್ರಾಚೀನ ವಂಶಕ್ಕೆ ಸಮೀಪದವರೆಂದು ಕಂಡುಬಂದಿತು.

ಆದರೆ ಪ್ರಿಯರೇ, ಈ ಶೋಧವನ್ನು ಹೊಸ ಹಮ್ಮಿಗೆ ಆಧಾರವಾಗಿಸದಿರೋಣ. ವಿವಾಹದ ಮಾತುಕತೆಯಲ್ಲಿ ‘ಬಾಮಣರೋ, ಚಾರೊಡಿಗಳೋ, ಶುದಿರರೋ’ ಎಂಬ ಪ್ರಶ್ನೆ ಇಂದಿಗೂ ಕೇಳಿಬರುತ್ತಿರುವುದನ್ನು ನಾವು ನೋವಿನಿಂದ ಕಂಡಿದ್ದೇವೆ. ನಮ್ಮ ಹಿರಿಯರಿಗೆ ಆ ಹೆಸರುಗಳು ರಕ್ತದಿಂದ ಬಂದವಲ್ಲ, ದೀಕ್ಷಾಸ್ನಾನದ ನೀರಿನೊಡನೆ ಬಂದವು. ಆ ನೀರಿನಲ್ಲಿ ಮೇಲು ಕೀಳೆಂಬುದಿಲ್ಲ. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಧರ್ಮಕೇಂದ್ರವು ಆ ಪ್ರಶ್ನೆಯನ್ನು ಇಲ್ಲಿಯೇ ಬಿಟ್ಟು ಮುನ್ನಡೆಯಲಿ.